ಅಕ್ಕ ಎನ್ನದವನ ಚೀಟಿ

ನಾನು ಆ ಕೋಣೆಗೆ ಹೋಗಿದ್ದು ಫ್ಯಾನು ರಿಪೇರಿಗೆ. ಓದುವುದಕ್ಕಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲಿಫ್ಟಿನವನಿಗೆ ನಲವತ್ತೊಂದನೇ ವಯಸ್ಸಿನಲ್ಲಿ ವಿದ್ಯೆಯ ಹಸಿವು ಹುಟ್ಟಿತು ಎಂದು ಆಮೇಲೆ ನಮ್ಮ ಅಪಾರ್ಟ್‌ಮೆಂಟಿನ ಒಂಬತ್ತು ಕಟ್ಟಡಗಳಲ್ಲೂ ದೊಡ್ಡ ಕಥೆಯಾಯಿತು. ನನಗೆ ಹುಟ್ಟಿದ ಹಸಿವೇ ಬೇರೆ.

ಬೆಳಗಿನ ಆರು ಗಂಟೆ. ಹೆಗಲ ಮೇಲೆ ಏಣಿ. ಬಾಗಿಲು ತಳ್ಳಿದರೆ ಒಳಗೆ ಹತ್ತು ಹನ್ನೆರಡು ಜನ, ಎಲ್ಲ ನಮ್ಮವರೇ. ಕಸ ಗುಡಿಸುವವರು, ಗೇಟಿನ ತಾತ, ತೋಟದವನು. ಕರಿಹಲಗೆಯ ಮುಂದೆ, ಅಂಚೆ ಕಚೇರಿಯಿಂದ ನಿವೃತ್ತರಾಗಿ ಕೆಲಸದವರಿಗೆ ಅಕ್ಷರ ಕಲಿಸುತ್ತಿದ್ದ ಟೀಚರಮ್ಮ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬಂದ್ರಾ? ಮೊದಲ ದಿನಾನೇ ಲೇಟು. ಏಣಿ ಆಚೆ ಇಟ್ಟು ಅಲ್ಲಿ ಕೂತ್ಕೊಳ್ಳಿ" ಅಂದರು.

"ಅಮ್ಮಾ, ನಾನು ಫ್ಯಾನು..." ಎನ್ನುವಷ್ಟರಲ್ಲಿ, ಮೇಜಿನ ಆಚೆ ಬದಿಗೆ ಕೂತಿದ್ದ ಇಸ್ತ್ರಿ ಕೋಣೆಯವಳು ತನ್ನ ಪುಸ್ತಕವನ್ನು ನನ್ನ ಕಡೆಗೆ ಒಂದಿಷ್ಟು ಸರಿಸಿದಳು.

"ಇಬ್ಬರಿಗೊಂದೇ ಪುಸ್ತಕ. ನಾಚ್ಕೋಬೇಡಿ, ಇಲ್ಲಿ ಯಾರಿಗೂ ಬರಲ್ಲ" ಅಂದಳು.

ಅವಳು ಸುಮ್ಮನೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನೇ ಬೆವತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲಿಫ್ಟಿನ ಕೈಪಿಡಿಯನ್ನು ಇಪ್ಪತ್ತು ವರ್ಷದಿಂದ ಬರೀ ಚಿತ್ರ ನೋಡಿಯೇ ಓದುತ್ತಿದ್ದೆ. ಪುಟ ತಿರುವುವ ಗತ್ತು ನೋಡಿ ಜನ ನನ್ನನ್ನು ಭಾರೀ ಓದಿದವನು ಅಂದುಕೊಂಡಿದ್ದರು. ಈಗ ಎದ್ದು ಹೋದರೆ ಓದು ಬರುತ್ತದೆ ಎಂದು ಅವಳಿಗೂ ಸುಳ್ಳು ಹೇಳಿದ ಹಾಗೆ. ಕೂತೆ. ಆ ವಾರವೆಲ್ಲ ಫ್ಯಾನು ತಿರುಗಲಿಲ್ಲ.

ಅವಳಿಗೆ ಮೂವತ್ತೆಂಟು. ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಅವಳೂ ಅವಳ ಅತ್ತೆಯೂ ಐದನೇ ಕಟ್ಟಡದ ನೆಲಮಾಳಿಗೆಯಲ್ಲಿ ಒಂಬತ್ತೂ ಕಟ್ಟಡಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಗೇಟಿನ ತಾತ ಕೂಡ.

ನನ್ನ ಬಾಯಲ್ಲಿ ಮಾತ್ರ ಅದು ಬರಲಿಲ್ಲ. ಯತ್ನ ಮಾಡಿದೆ. 'ಅ' ವರೆಗೆ ಬಂದು ನಿಂತುಬಿಡುತ್ತಿತ್ತು.

"ಇವ್ರೇ, ಸ್ವಲ್ಪ ರಬ್ಬರು ಕೊಡ್ತೀರಾ?"

ಮೂರು ತಿಂಗಳು ಇವ್ರೇ ಇವ್ರೇ ಎಂದು ಕೇಳಿಸಿಕೊಂಡು ಒಂದು ದಿನ ಅವಳು ಪೆನ್ಸಿಲಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೇಳಿದಳು. "ಊರಿಗೆಲ್ಲ ನಾನು ಅಕ್ಕ. ನಿಮಗೆ ಮಾತ್ರ 'ಇವ್ರೇ'. ಯಾಕಂತೆ?"

"ನಾನು ನಿಮಗಿಂತ ಮೂರು ವರ್ಷ ದೊಡ್ಡೋನು."

"ಓಹೋ. ತಾತ ನನಗಿಂತ ಮೂವತ್ತೈದು ವರ್ಷ ದೊಡ್ಡೋರು."

"ಅವರಿಗೆ ವಯಸ್ಸಾಗಿದೆ, ಮರೆವು."

ಅವಳು ನಗಲಿಲ್ಲ. ಕಣ್ಣು ಮಾತ್ರ ಸಣ್ಣದಾಗಿ, ನನ್ನ ಮುಖದ ಮೇಲೆ ಒಂದು ಗಳಿಗೆ ನಿಂತು, ಮತ್ತೆ ಪುಸ್ತಕಕ್ಕೆ ಇಳಿಯಿತು. ಇಸ್ತ್ರಿಯ ಕಾವಿಗೆ ಸದಾ ಕೆಂಪಾಗಿರುತ್ತಿದ್ದ ಕೆನ್ನೆ. ಅವತ್ತು ಬೆಳಗ್ಗೆ ಇನ್ನೂ ಇಸ್ತ್ರಿ ಹಚ್ಚಿರಲಿಲ್ಲ, ಆದರೂ ಕೆಂಪಾಗಿತ್ತು. ನಾನು ಆ ದಿನ ಎರಡು ಲಿಫ್ಟುಗಳಿಗೆ ತಪ್ಪು ಬೋಲ್ಟು ಹಾಕಿ ಮತ್ತೆ ಬಿಚ್ಚಿದೆ.

ಪುಸ್ತಕ ಅವಳ ಕಡೆಗೆ ಮುಖ ಮಾಡಿರುತ್ತಿತ್ತು. ನಾನು ಎದುರು ಕೂತವನು, ತಲೆಕೆಳಗಾದ ಅಕ್ಷರಗಳನ್ನೇ ಕಲಿತೆ. ಹಾಗೆ ಓದಲು ಎಷ್ಟು ಪಳಗಿದೆನೆಂದರೆ ಮೊದಲ ಪರೀಕ್ಷೆಯ ದಿನ ಟೀಚರಮ್ಮ ಕೊಟ್ಟ ಪ್ರಶ್ನೆಪತ್ರಿಕೆಯ ಒಂದಕ್ಷರವೂ ನನಗೆ ಹತ್ತಲಿಲ್ಲ. ಮೆಲ್ಲಗೆ ತಿರುಗಿಸಿ ತಲೆಕೆಳಗೆ ಇಟ್ಟುಕೊಂಡೆ. ಗಡಗಡ ಓದಿದೆ.

"ಏನ್ರೀ ಇದು, ತಮಾಷೇನಾ?" ಟೀಚರಮ್ಮ ಗದರಿದರು. ವಿಷಯ ತಿಳಿದಾಗ ಕೋಣೆಯೇ ನಕ್ಕಿತು. ಅವಳಂತೂ ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮಾರನೆಯ ಬೆಳಗ್ಗೆ ಮೇಜು ಬಳಸಿ ಬಂದು ನನ್ನ ಬೆಂಚಿನ ಇನ್ನೊಂದು ತುದಿಗೆ ಕೂತಳು.

"ಸರೀರಿ ಆಕಡೆ. ಇಲ್ದಿದ್ರೆ ಜನ್ಮಪೂರ್ತಿ ತಲೆಕೆಳಗೇ ಓದ್ತೀರಿ. ಆ ಪಾಪ ನನಗೆ ಬೇಡ."

ಅಲ್ಲಿಂದ ಒಂದೂವರೆ ವರ್ಷ ನಾವು ಅಕ್ಕಪಕ್ಕ ಕೂತೆವು. ಬೆಳಗ್ಗೆ ಆರರಿಂದ ಏಳೂವರೆ. ನನ್ನ ಇಡೀ ಬದುಕಿನಲ್ಲಿ ಅಷ್ಟು ಸುಖ ನಾನು ಕಂಡಿಲ್ಲ. ನನ್ನ ತಪ್ಪುಗಳನ್ನು ಅವಳು ತಿದ್ದುತ್ತಿದ್ದಳು. ಅವಳ ಲೆಕ್ಕ ನಾನು ಹೇಳಿಕೊಡುತ್ತಿದ್ದೆ. ಒಮ್ಮೊಮ್ಮೆ ಬೇಕೆಂದೇ ತಪ್ಪು ಬರೆಯುತ್ತಿದ್ದೆ, ಅವಳಿಗೆ ಗೊತ್ತಾಗಿ ಮೊಣಕೈಯಲ್ಲಿ ತಿವಿಯುತ್ತಿದ್ದಳು. ಅವಳ ಅತ್ತೆ ಕೆಮ್ಮುತ್ತಾ ಬಾಗಿಲಲ್ಲಿ ಇಣುಕಿ, "ಪಾಠ ಆಯ್ತಾ, ಇನ್ನೂ ಮಾತೇನಾ?" ಎಂದು ಕೇಳಿ ಹೋಗುತ್ತಿದ್ದರು. ಆ ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ದಡ್ಡ, ಸಿಟ್ಟೇ ಅಂದುಕೊಂಡೆ.

ಓದು ಬಂದಂತೆಲ್ಲ ಅವಳು ಗೋಡೆ ಬಿಡಲಿಲ್ಲ, ಬೋರ್ಡು ಬಿಡಲಿಲ್ಲ. ಒಂದು ದಿನ ಕಟ್ಟಡಗಳ ಸಾಮಾನು ಇಡುವ ಸ್ಟೋರಿನ ಬಾಗಿಲ ಹಿಂದೆ ಅಂಟಿಸಿದ್ದ ನಮ್ಮ ಕೆಲಸಗಾರರ ಸಂಘದ ನಿಯಮಗಳನ್ನು ಬೆರಳಿಟ್ಟು ಓದಿದಳು. ಅಧ್ಯಕ್ಷರಾಗುವವರು ಓದುಬರಹ ಬಲ್ಲವರಾಗಿರಬೇಕು ಎಂದಿತ್ತು. ಹತ್ತೊಂಬತ್ತು ವರ್ಷದಿಂದ ಸ್ಟೋರಿನ ಯಜಮಾನನೇ ಅಧ್ಯಕ್ಷನಾಗಿದ್ದದ್ದು ಏಕೆಂದು ಅವತ್ತು ಗೊತ್ತಾಯಿತು. ಅರುವತ್ತೊಂದು ಜನರಲ್ಲಿ ಓದು ಬಲ್ಲವನು ಅವನೊಬ್ಬನೇ ಆಗಿದ್ದ.

"ಈಗ ನನಗೂ ಬರುತ್ತಲ್ಲ" ಅಂದಳು.

ಅವಳಿಗೆ ಬೇಕಾಗಿದ್ದದ್ದು ಬಹಳವೇನಲ್ಲ. ಇಸ್ತ್ರಿ ಕೋಣೆಗೆ ಒಂದು ಕಿಟಕಿ. ಬೇಸಿಗೆಯಲ್ಲಿ ಅಲ್ಲಿ ಹಬೆಗೆ ಜನ ತಲೆ ತಿರುಗಿ ಬೀಳುತ್ತಿದ್ದರು. ಎಲ್ಲರಿಗೂ ವಾರಕ್ಕೊಂದು ರಜೆ. ಇದನ್ನು ಕೇಳಲು ಅಧ್ಯಕ್ಷರ ಸಹಿ ಬೇಕು, ಆ ಸಹಿಯನ್ನು ಸ್ಟೋರಿನ ಯಜಮಾನ ಹಾಕುತ್ತಿರಲಿಲ್ಲ.

ಅವಳೇ ಚುನಾವಣೆಗೆ ನಿಂತಳು. ಇಡೀ ಕ್ಲಾಸು ಅವಳ ಹಿಂದೆ ಓಡಾಡಿತು. ನಾನೂ ಓಡಾಡಿದೆ. ಮೊದಲ ಬಾರಿಗೆ ಕೈ ಎತ್ತುವ ಬದಲು ಚೀಟಿಯಲ್ಲಿ ಬರೆದು ವೋಟು ಹಾಕೋಣ, ಬರೆಯಲು ಬಾರದವರು ಗುರುತು ಹಾಕಲಿ ಎಂದು ಟೀಚರಮ್ಮ ಹೇಳಿದರು. ಒಂದೋ 'ಇಸ್ತ್ರಿ' ಎಂದು ಬರೆಯಬೇಕು, ಇಲ್ಲ 'ಸ್ಟೋರು' ಎಂದು. ಕಲಿತ ಅಕ್ಷರ ಸಾರ್ಥಕವಾಗಲಿ ಎಂದು ಅವರ ಆಸೆ.

ಚುನಾವಣೆಯ ವಾರ ಅವಳು ಕ್ಲಾಸಿಗೆ ಬರಲಿಲ್ಲ. ಮನೆಮನೆಗೆ ಹೋಗುತ್ತಿದ್ದಳು. ಬೆಂಚಿನ ಆ ತುದಿ ಮೂರು ದಿನ ಖಾಲಿ. ನಾಲ್ಕನೇ ದಿನ ಲಿಫ್ಟಿನಲ್ಲಿ ಸಿಕ್ಕ ಸ್ಟೋರಿನ ಯಜಮಾನ ನಗುತ್ತಾ ಹೇಳಿದ, "ನಿಮ್ಮಕ್ಕ ಗೆದ್ರೆ ಬೆಳಗ್ಗೆ ಹೊತ್ತು ಮೇಲೆ ಆಫೀಸಲ್ಲೇ ಕೂರಬೇಕಾಗತ್ತೆ. ಕ್ಲಾಸು ಗೀಸು ಎಲ್ಲ ಮರೀಬೇಕು, ಗೊತ್ತಲ್ಲ?"

ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕಿಟಕಿ, ರಜೆ, ಸಂಘ, ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಆ ಖಾಲಿ ಬೆಂಚೊಂದೇ ಇತ್ತು. ವೋಟಿನ ದಿನ, ಭಾನುವಾರ, ಬೀರುವಿನ ಮರೆಗೆ ಹೋಗಿ, ಚೀಟಿಯನ್ನು ಗೋಡೆಗೆ ಒತ್ತಿ, ಅವಳೇ ತಿದ್ದಿ ಕಲಿಸಿದ ಅಕ್ಷರದಲ್ಲಿ 'ಸ್ಟೋರು' ಎಂದು ಬರೆದೆ. ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಿದೆ. ಹೊರಗೆ ಬಂದಾಗ ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನಿಸುತ್ತದೆ.

ಟೀಚರಮ್ಮ ಒಂದೊಂದೇ ಚೀಟಿ ಬಿಚ್ಚಿ ಇಬ್ಬರಿಗೂ ತೋರಿಸಿ ಪಕ್ಕಕ್ಕಿಟ್ಟರು. ಸ್ಟೋರಿಗೆ ಮೂವತ್ತನಾಲ್ಕು. ಇಸ್ತ್ರಿಗೆ ಇಪ್ಪತ್ತೇಳು. ಏಳರ ಅಂತರ, ನನ್ನ ಒಂದು ವೋಟಿನಿಂದ ಆದದ್ದೇನೂ ಇಲ್ಲ ಎಂದು ಅವತ್ತಿನಿಂದ ನನಗೆ ನಾನೇ ಹೇಳಿಕೊಳ್ಳಲು ಶುರುಮಾಡಿದೆ. ಸಾವಿರ ಸಲ ಹೇಳಿಕೊಂಡಿರಬೇಕು.

ಎರಡು ತಿಂಗಳಿಗೆ ಗೆದ್ದವನು ನಮ್ಮ ಕ್ಲಾಸಿನ ಕೋಣೆಗೆ ಬಣ್ಣದ ಡಬ್ಬಿಗಳನ್ನು ತುಂಬಿದ. ಬೆಂಚುಗಳನ್ನು ಮಹಡಿಯ ಮೇಲೆ ಬಿಸಿಲಿಗೆ ಹಾಕಿದ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಯಾವ ಬೆಂಚಿಗಾಗಿ ಅವಳನ್ನು ಸೋಲಿಸಹೊರಟೆನೋ ಆ ಬೆಂಚೂ ಹೋಯಿತು.

ಅವಳು ಮಾತ್ರ ನಿಲ್ಲಲಿಲ್ಲ. ಟೀಚರಮ್ಮನ ಮನೆಗೆ ಹೋಗಿ ಓದಿ ಏಳನೇ ಕ್ಲಾಸು ಮುಗಿಸಿದಳು, ಆಮೇಲೆ ಹತ್ತನೆಯದು. ಇಸ್ತ್ರಿ ಮೇಜಿನ ಮೇಲೆ ನಿಯಮಗಳನ್ನು ಹರಡಿಕೊಂಡು ಕಸದವರಿಗೆ, ಕಾವಲಿನವರಿಗೆ ಓದಿ ಹೇಳುತ್ತಿದ್ದಳು. ಎರಡು ವರ್ಷದ ನಂತರ ಮತ್ತೆ ನಿಂತಾಗ ಅವಳಿಗೆ ಐವತ್ತೆರಡು ವೋಟು ಬಿತ್ತು. ಅದರಲ್ಲಿ ನನ್ನದೂ ಒಂದು. ಕಿಟಕಿ ಬಂತು, ರಜೆ ಬಂತು, ಬಣ್ಣದ ಡಬ್ಬಿಗಳು ಆಚೆ ಹೋಗಿ ಕ್ಲಾಸೂ ಬಂತು. ಅಷ್ಟು ಹೊತ್ತಿಗೆ ಅವಳು ಬೆಂಚಿನಲ್ಲಿ ಕೂರುವ ಕಾಲ ಮುಗಿದಿತ್ತು. ನಾನು ಹೇಗೋ ಹತ್ತನೆಯದು ದಾಟಿ, ಹೊಸದಾಗಿ ಬಂದವರಿಗೆ ಅ ಆ ಇ ಈ ಹೇಳಿಕೊಡುತ್ತಿದ್ದೆ. ಅವಳ ಅತ್ತೆ ಕಿಟಕಿ ಬಂದ ಮೂರನೇ ತಿಂಗಳಿಗೆ ತೀರಿಕೊಂಡರು. ಆ ಕಿಟಕಿ ಎರಡು ಬೇಸಿಗೆ ತಡವಾಗಿ ಬಂತಲ್ಲ ಎಂಬುದು ನನ್ನನ್ನು ಬಿಟ್ಟು ಹೋಗಲೇ ಇಲ್ಲ.

ಈ ನಾಲ್ಕು ವರ್ಷದಲ್ಲಿ ಅವಳು ನನ್ನೊಡನೆ ಎಂದೂ ಮುಖ ಮುರಿದು ಮಾತಾಡಲಿಲ್ಲ. ಸಂಘದ ಪತ್ರ ಬರೆಯಲು ಕರೆಯುತ್ತಿದ್ದಳು, ಚಹಾ ಕೊಡುತ್ತಿದ್ದಳು. ಮೊಣಕೈಯಲ್ಲಿ ತಿವಿಯುವುದೊಂದು ನಿಂತಿತ್ತು. ದೊಡ್ಡ ಮನುಷ್ಯಳಾದಳು, ಅದಕ್ಕೆ ಅಂದುಕೊಂಡೆ.

ಹೋದ ತಿಂಗಳು ಎಲ್ಲ ಸಂಘಗಳ ಒಕ್ಕೂಟದವರು ಅವಳನ್ನು ಕಾರ್ಯದರ್ಶಿಯಾಗಿ ಆರಿಸಿಕೊಂಡರು. ಕಚೇರಿ ಬೇರೆ ಊರಿನಲ್ಲಿ. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ನೆಲಮಾಳಿಗೆಗೆ ಇಳಿದೆ. ಅವಳು ತನ್ನ ಬಟ್ಟೆಗಳಿಗೇ ಇಸ್ತ್ರಿ ಹಾಕುತ್ತಿದ್ದಳು. ಹೊಸ ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು.

"ಏನು ಲಿಫ್ಟಿನವರು ಈಕಡೆ? ಇಲ್ಲಿ ಯಾವ ಲಿಫ್ಟೂ ಕೆಟ್ಟಿಲ್ವಲ್ಲ."

"ಇವ್ರೇ, ಒಂದು ಮಾತು ಹೇಳ್ಬೇಕಿತ್ತು."

"ಹೇಳಿ."

"ನೀವು ಮೊದಲ ಸಲ ನಿಂತಾಗ ನಾನು ನಿಮಗೆ ಹಾಕಿರಲಿಲ್ಲ. ಸ್ಟೋರಿಗೆ ಹಾಕಿದ್ದೆ."

ಅವಳು ಕುಪ್ಪಸದ ತೋಳನ್ನು ಮಡಿಸಿ ಅದರ ಅಂಚಿನ ಮೇಲೆ ಇಸ್ತ್ರಿಯನ್ನು ನಿಧಾನವಾಗಿ ಓಡಿಸಿದಳು. "ಗೊತ್ತು" ಅಂದಳು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಒಂದೂವರೆ ವರ್ಷ ಪಕ್ಕದಲ್ಲಿ ಕೂತು ನೀವು ಬರೆದದ್ದನ್ನೆಲ್ಲ ನೋಡಿದವಳು. ನಿಮ್ಮ ಅಕ್ಷರ ನನಗೆ ಗೊತ್ತಾಗಲ್ವಾ? ಟೀಚರಮ್ಮ ಬಿಚ್ಚಿದ ಕೂಡ್ಲೇ ಗೊತ್ತಾಯ್ತು. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ, ಬೀರು ಹಿಂದೆ ನಿಂತು ಬರೆದ್ರೆ ಗುಟ್ಟಾಗತ್ತಾ?"

ನಾಲ್ಕು ವರ್ಷ ನಾನು ಬಚ್ಚಿಟ್ಟುಕೊಂಡು ತಿರುಗಿದ್ದನ್ನು ಅವಳು ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದಳು. ಚಹಾ ಕೊಡುವಾಗ, ಪತ್ರ ಬರೆಸುವಾಗ, ಎಲ್ಲ ಹೊತ್ತಿನಲ್ಲೂ.

"ಏಳು ವೋಟಿನಲ್ಲಿ ಸೋತ್ರಿ. ನನ್ನ ಒಂದರಿಂದ..." ಎಂದು ನನ್ನ ಹಳೆಯ ಪಾಠ ಒಪ್ಪಿಸಲು ಹೊರಟೆ.

"ಮೂವತ್ತನಾಲ್ಕು ಜನ ನನಗೆ ಹಾಕಲಿಲ್ಲ. ಮೂವತ್ತಮೂರು ಜನರ ಮೇಲೆ ನನಗೆ ಅವತ್ತೂ ಬೇಜಾರಿರಲಿಲ್ಲ."

ಆಮೇಲೆ ನಾನು ಎಲ್ಲ ಹೇಳಿದೆ. ಖಾಲಿ ಬೆಂಚು, ಲಿಫ್ಟಿನಲ್ಲಿ ಸ್ಟೋರಿನವನು ಅಂದ ಮಾತು, ನನಗಾದ ಹೆದರಿಕೆ. ಹೇಳುತ್ತಾ ಹೇಳುತ್ತಾ ಹೇಳಬೇಕಾದದ್ದೂ ಬಾಯಿಂದ ಬಂದೇಬಿಟ್ಟಿತು. "ನೀವಂದ್ರೆ ನನಗೆ ಇಷ್ಟ ಇತ್ತು. ಇದೆ. ಆ ಫ್ಯಾನಿನ ದಿನದಿಂದ."

ಅವಳು ನಕ್ಕಳು, ಸೆರಗು ಬಾಯಿಗೆ ತುರುಕಿಕೊಳ್ಳುವಂಥ ನಗುವಲ್ಲ. "ಅಧ್ಯಕ್ಷೆ ಆದ್ರೆ ಬೆಂಚು ಬಿಟ್ಟು ಹೋಗ್ತೀನಿ ಅಂದ್ಕೊಂಡ್ರಾ? ಏಳನೇ ಕ್ಲಾಸಿನ ಪರೀಕ್ಷೆ ಇನ್ನೂ ಬಾಕಿ ಇತ್ತಲ್ರೀ ನನ್ನದು! ನಿಮ್ಮನ್ನ ಬಿಟ್ರೆ ಲೆಕ್ಕ ಯಾರು ಹೇಳ್ಕೊಡ್ತಿದ್ರು? ಒಂದು ಮಾತು ಕೇಳಿದ್ರೆ ಅಲ್ಲೇ ಹೇಳ್ತಿದ್ದೆ."

"ಗೊತ್ತಾದ ದಿನ ನೀವಾದ್ರೂ ಯಾಕೆ ಕೇಳಲಿಲ್ಲ? ನಾಲ್ಕು ಬೈದಿದ್ರೂ ಆಗ್ತಿತ್ತು."

"ದ್ವೇಷಕ್ಕೆ ಮಾಡಿದ್ರೆ ಅವತ್ತೇ ಜಗಳ ಆಡಿ ಮುಗಿಸ್ತಿದ್ದೆ. ಇದು ಅದಲ್ಲ ಅಂತ ಗೊತ್ತಿತ್ತು. ಅದಕ್ಕೇ ನೀವಾಗೇ ಬಂದು ಹೇಳ್ತೀರಿ ಅಂತ ಕಾದೆ." ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದಳು. "ಇವತ್ತು ಬರ್ತಾರೆ, ನಾಳೆ ಬರ್ತಾರೆ. ಬಂದು ತಪ್ಪಾಯ್ತು ಅಂದ್ರೆ ಎರಡು ಬೈದು, ಆಮೇಲೆ ಏನು ಹೇಳ್ಬೇಕು ಅನ್ನೋದನ್ನೂ ಯೋಚನೆ ಮಾಡಿಟ್ಟಿದ್ದೆ. ಅತ್ತೆ ಬೇರೆ ದಿನಾ ಕೇಳೋರು. ಆ ಲಿಫ್ಟಿನವನು ಇನ್ನೂ ಬಾಯಿ ಬಿಟ್ಟಿಲ್ವೇನೇ, ನಾನು ಕಣ್ಣು ಮುಚ್ಚೋದ್ರೊಳಗೆ ಬಿಡ್ತಾನೋ ಇಲ್ವೋ ಅಂತ."

"ಅತ್ತೇನಾ?"

"ಮತ್ತೆ? ಬಾಗಿಲಿಗೆ ಬಂದು ಬಂದು ಇಣುಕ್ತಿದ್ದದ್ದು ಯಾಕೆ ಅಂದ್ಕೊಂಡ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಕಳೆದುಕೊಂಡ ಮಾತಿಗೆ ಏನನ್ನುತ್ತಾರೋ ನನಗೆ ಯಾರೂ ಹೇಳಿಕೊಟ್ಟಿಲ್ಲ. "ಎಷ್ಟು ದಿನ ಕಾದ್ರಿ?" ಎಂದು ಕೇಳಿದೆ.

"ದಿನಾನಾ? ಎರಡು ವರ್ಷ ಕಾದೆ. ಆಮೇಲೆ ಅಧ್ಯಕ್ಷೆ ಆದೆ, ಕೆಲಸ ಜಾಸ್ತಿ ಆಯ್ತು."

"ಈಗ..."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಹಿಂದೆ ಪೆನ್ಸಿಲು ಗಲ್ಲಕ್ಕೆ ಒತ್ತಿಕೊಂಡು ನೋಡಿದ್ದ ಅವೇ ಕಣ್ಣುಗಳು, ಸುತ್ತ ನಾಲ್ಕು ಗೆರೆ ಹೆಚ್ಚಾಗಿದ್ದವು. ಅವುಗಳಲ್ಲಿ ಸಿಟ್ಟಿಲ್ಲದ್ದನ್ನು ನೋಡಿ ನನಗೆ ಭಯವಾಯಿತು.

"ನಿಮ್ಮ ಮೇಲೆ ಕೋಪ ಇಲ್ಲ. ಇದ್ದಿದ್ರೆ ಚೆನ್ನಾಗಿತ್ತು, ಇಳಿಯೋದು ಅಂತಾದ್ರೂ ಒಂದು ಇರ್ತಿತ್ತು. ಕಾಯೋ ಅಭ್ಯಾಸ ತಪ್ಪಿಹೋಗಿದೆ ಕಣ್ರೀ. ಈಗ ಹೊಸದಾಗಿ ಕಲಿಯೋಕೆ ಆಗಲ್ಲ."

ಅವಳು ಮಡಿಸಿದ ಬಟ್ಟೆಗಳನ್ನು ಪೆಟ್ಟಿಗೆಗೆ ಇಟ್ಟಳು. ನಾನು ಮುಚ್ಚಳ ಒತ್ತಿ ಹಿಡಿದೆ, ಅವಳು ಚಿಲಕ ಹಾಕಿದಳು. ಇಬ್ಬರ ಕೈಯೂ ಅಲ್ಲೇ ಪಕ್ಕಪಕ್ಕ ಇದ್ದವು. ಅವಳು ತನ್ನ ಕೈಯನ್ನು ಬೇಗ ತೆಗೆಯಲಿಲ್ಲ, ಆದರೆ ತೆಗೆದಳು.

"ಮುಂದಿನ ತಿಂಗಳು ಇಲ್ಲಿ ಎಲೆಕ್ಷನ್ ಆಗ್ಬೇಕು. ನಿಮ್ಮ ಹೆಸರು ಹೇಳಿದ್ದೀನಿ ಎಲ್ಲರಿಗೂ" ಅಂದಳು.

"ನಾನಾ? ನನಗೆ ಯಾರು ಹಾಕ್ತಾರೆ?"

"ನಾನಿದ್ದಿದ್ರೆ ಹಾಕ್ತಿದ್ದೆ."

ಅದನ್ನು ಅವಳು ಚುಚ್ಚಲು ಹೇಳಲಿಲ್ಲ. ನಿಜವಾಗಿಯೂ ಹಾಕುತ್ತಿದ್ದಳು, ಅದು ನನಗೆ ಗೊತ್ತು. ಮೆಟ್ಟಿಲು ಹತ್ತಿ ಮೇಲೆ ಬಂದು, ಏಳನೇ ಕಟ್ಟಡದ ಲಿಫ್ಟಿನ ಯಂತ್ರದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತೆ. ನಲವತ್ತೇಳು ವರ್ಷದ ಗಂಡಸು ಅಳಬಾರದು ಅಂತೇನೂ ನಿಯಮದಲ್ಲಿ ಬರೆದಿಲ್ಲ, ನಾನು ಪೂರ್ತಿ ಓದಿದ್ದೇನೆ.

ಮಾರನೆಯ ಬೆಳಗ್ಗೆ ಗೇಟಿನ ಹತ್ತಿರ ಐವತ್ತು ಜನ ಸೇರಿದ್ದರು. ಟೀಚರಮ್ಮ ಕೋಲೂರಿಕೊಂಡು ಬಂದಿದ್ದರು. ಸ್ಟೋರಿನ ಯಜಮಾನನೂ ಬಂದು ಪೆಟ್ಟಿಗೆಯನ್ನು ಟ್ಯಾಕ್ಸಿಯಲ್ಲಿಟ್ಟ. ಅವಳು ಸಾಲಿನಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತಳು. ತೋಟದವನ ಹೆಂಡತಿಯ ಕೈ ಹಿಡಿದು "ಹೋಗಿ ಬರ್ತೀನಿ" ಅಂದಳು. ಗೇಟಿನ ತಾತನಿಗೆ ಬಗ್ಗಿ, ಕಿವಿಯ ಹತ್ತಿರ ಜೋರಾಗಿ "ಹೋಗಿ ಬರ್ತೀನಿ" ಅಂದಳು. ಸ್ಟೋರಿನವನಿಗೂ ಅದನ್ನೇ ಅಂದಳು.

ನಾನು ಸಾಲಿನ ಕೊನೆಗೆ ನಿಂತಿದ್ದೆ. ನನಗೆಂದು ಬೇರೆ ಒಂದು ಮಾತು ಇಟ್ಟಿರಬಹುದು ಎಂದು, ಅಷ್ಟೆಲ್ಲ ಆದ ಮೇಲೂ, ಒಳಗೆ ಒಂದು ಆಸೆ ಇತ್ತು. ಅವಳು ನನ್ನ ಮುಂದೆ ಬಂದು ನಿಂತಳು. ಬೇರೆಯವರನ್ನು ನೋಡಿದ ಹಾಗೆಯೇ ಪ್ರೀತಿಯಿಂದ ನೋಡಿದಳು.

"ಹೋಗಿ ಬರ್ತೀನಿ" ಅಂದಳು.

"ಹೋಗಿ ಬನ್ನಿ" ಅಂದೆ, ಎಲ್ಲರೂ ಅಂದ ಹಾಗೆ.